ಮಂಡಿಪೇಟೆಯ ನಮ್ಮ ಮಳಿಗೆಗೆ ಬೆಲೆ ಕಟ್ಟಿದ ಹನ್ನೊಂದು ತಿಂಗಳು

ತುಮಕೂರಿನ ಮಂಡಿಪೇಟೆಯಲ್ಲಿರುವ ನಮ್ಮ ತಾತನ ಕಾಲದ ಮಳಿಗೆಯ ಮೇಲ್ಭಾಗದ ಕೈಪಿಡಿ ಗೋಡೆಯಿಂದ ಗಾರೆಯ ದೊಡ್ಡ ಚಕ್ಕೆಯೊಂದು ಜುಲೈ ತಿಂಗಳ ಒಂದು ಬೆಳಿಗ್ಗೆ ಕಳಚಿ ರಸ್ತೆಗೆ ಬಿತ್ತು. ಅಂಗಡಿಗಳು ಇನ್ನೂ ತೆರೆಯದ ಹೊತ್ತಾದ್ದರಿಂದ ಕೆಳಗೆ ಯಾರೂ ಇರಲಿಲ್ಲ. ಹದಿನೈದು ದಿನಗಳೊಳಗೆ ನಮಗೆ ನೋಟಿಸು ಬಂತು: ಕಟ್ಟಡ ಶಿಥಿಲವಾಗಿರುವುದರಿಂದ ನಿಗದಿತ ಅವಧಿಯಲ್ಲಿ ದುರಸ್ತಿ ಮಾಡಿಸಬೇಕು, ಇಲ್ಲವೇ ತೆರವುಗೊಳಿಸಬೇಕು. ನೋಟಿಸು ನ್ಯಾಯವಾಗಿಯೇ ಇತ್ತು. ಹತ್ತಾರು ವರ್ಷಗಳಿಂದ ಬಾಡಿಗೆ ತೆಗೆದುಕೊಳ್ಳುವುದನ್ನು ಬಿಟ್ಟರೆ ನಾವು ಯಾರೂ ಆ ಕಟ್ಟಡದ ಕಡೆಗೆ ತಲೆಯೆತ್ತಿ ನೋಡಿರಲಿಲ್ಲ.

ಮಳಿಗೆಗೆ ನಾವು ನಾಲ್ವರು ಹಕ್ಕುದಾರರು. ನಾನು, ನನ್ನ ತಮ್ಮ, ದೊಡ್ಡಪ್ಪನ ಮಗ ಅಣ್ಣ, ಹಾಗೂ ತೀರಿಕೊಂಡ ಚಿಕ್ಕಪ್ಪನ ಪಾಲಿಗೆ ಚಿಕ್ಕಮ್ಮ. ನೋಟಿಸು ಬಂದ ವಾರವೇ ಅಣ್ಣನ ಮನೆಯಲ್ಲಿ ಎಲ್ಲರೂ ಕುಳಿತೆವು. ಹಳೆಯದನ್ನು ಕೆಡವಿ ನಾಲ್ಕು ಅಂತಸ್ತಿನ ವಾಣಿಜ್ಯ ಸಂಕೀರ್ಣ ಕಟ್ಟುವ ನಕ್ಷೆಯನ್ನು ಅವನು ಆಗಲೇ ಬರೆಯಿಸಿಟ್ಟಿದ್ದ. ಅವನನ್ನು ಹಣದ ಆಸೆಯವನೆಂದು ಯಾರೂ ತಿಳಿಯಬಾರದು. ಅವನ ಮಾತಿನಲ್ಲಿ ಲೆಕ್ಕಕ್ಕಿಂತ ಭಯವೇ ಹೆಚ್ಚಾಗಿತ್ತು. "ಮೈಸೂರಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದಾಗ ನಾಲ್ಕು ಜನ ಸತ್ತರು, ನೆನಪಿದೆಯಾ ತಂಗಿ? ಅದೂ ಪಾರಂಪರಿಕ ಕಟ್ಟಡವೇ ಆಗಿತ್ತು" ಎಂದ. ನನಗೆ ನೆನಪಿತ್ತು. 1892ರಲ್ಲಿ ಕಟ್ಟಿದ ಆ ಅಂಗಡಿ ಸಾಲಿನ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಬಿದ್ದಿತ್ತು. ಅಲ್ಲಿಗೆ ಸಮೀಪದ ದೇವರಾಜ ಮಾರುಕಟ್ಟೆಯ ಒಂದು ಭಾಗವೂ 2016ರ ಆಗಸ್ಟ್‌ನಲ್ಲಿ ಬಿತ್ತು. ಆದ್ದರಿಂದ ನಾನು ಕಟ್ಟಡವನ್ನು ಉಳಿಸೋಣ ಎನ್ನಲಿಲ್ಲ. ಅದರಲ್ಲಿ ಉಳಿಸುವಂಥದ್ದು ಏನಿದೆಯೆಂದು ತಿಳಿಯಲು ಆರು ತಿಂಗಳು ಕೊಡಿ ಎಂದು ಕೇಳಿದೆ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದ ನನಗೆ ಅಷ್ಟು ಸಮಯವೂ ತಾಳ್ಮೆಯೂ ಇದ್ದವು. ಕೊನೆಗೆ ಹಿಡಿದದ್ದು ಹನ್ನೊಂದು ತಿಂಗಳು.

ಮೊದಲು ಮಾಡಿದ ಕೆಲಸ ಜೀವರಕ್ಷಣೆಯದು. ಸಡಿಲವಾಗಿದ್ದ ಕೈಪಿಡಿ ಗೋಡೆಯನ್ನು ಕೈಯಿಂದಲೇ ಇಳಿಸಿ, ಅದರ ಗಾರೆಯ ಹೂವಿನ ಅಚ್ಚುಗಳನ್ನು ಗುರುತು ಹಾಕಿ ಗೋಣಿಯಲ್ಲಿ ಕಟ್ಟಿಟ್ಟೆವು. ಬಾಗಿದ್ದ ತೊಲೆಗಳ ಕೆಳಗೆ ಕಬ್ಬಿಣದ ಊರೆಗಳನ್ನು ಕೊಟ್ಟು, ಜಗಲಿಯ ಒಂದು ಬದಿಗೆ ಹಗ್ಗ ಕಟ್ಟಿ ಓಡಾಟ ತಡೆದೆವು. ಅದನ್ನು ಬರವಣಿಗೆಯಲ್ಲಿ ನೋಟಿಸು ಕೊಟ್ಟ ಕಚೇರಿಗೆ ತಿಳಿಸಿ ಹೆಚ್ಚಿನ ಅವಧಿ ಪಡೆದೆವು. ಹಳೆಯ ಕಟ್ಟಡದ ಮೌಲ್ಯದ ಮಾತು ಇದಾದ ಮೇಲೆಯೇ ಆರಂಭವಾಗಬೇಕೆಂಬುದರಲ್ಲಿ ನನಗೆ ಈಗಲೂ ಅನುಮಾನವಿಲ್ಲ.

ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದ ಒಂದು ಸಂಗತಿಯೆಂದರೆ ಮಳಿಗೆ 1865ರಲ್ಲಿ ಕಟ್ಟಿದ್ದು ಎಂಬುದು. ಬಾಗಿಲ ಮೇಲಿನ ಫಲಕದಲ್ಲಿಯೂ ಹಾಗೆಯೇ ಬರೆದಿತ್ತು. ಆಧಾರವೇನೆಂದು ಕೇಳಿದಾಗ ನನ್ನ ತಮ್ಮ ಹಿಂಬದಿಯ ಉಗ್ರಾಣದ ಮಾಡಿಗೆ ಏಣಿ ಹಾಕಿ ಒಂದು ಹೆಂಚನ್ನು ಇಳಿಸಿ ತಂದ. ಅದರ ಬೆನ್ನ ಮೇಲೆ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಹೆಸರಿನ ಜೊತೆಗೆ 1865 ಎಂಬ ಅಂಕಿ ಉಬ್ಬಾಗಿ ಮೂಡಿತ್ತು. ಹೆಂಚನ್ನು ಕೈಯಲ್ಲಿ ಹಿಡಿದಾಗ ನನಗೂ ಮೈ ಜುಮ್ಮೆಂದಿತು. ಆದರೆ ಸ್ವಲ್ಪ ಓದಿ ವಿಚಾರಿಸಿದ ಮೇಲೆ ತಿಳಿದದ್ದೇ ಬೇರೆ. 1865 ಎಂಬುದು ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ವರ್ಷ. ಮುಂದೆ ದಶಕಗಳ ಕಾಲ ತಯಾರಾದ ಹೆಂಚುಗಳ ಮೇಲೂ ಅದೇ ವರ್ಷವನ್ನು ಒತ್ತುತ್ತಿದ್ದರು. ಮೊದಲ ಮಹಾಯುದ್ಧದ ಸಮಯದಲ್ಲಿ ಮಿಷನ್ನಿನ ಉದ್ಯಮಗಳು ಕೈತಪ್ಪಿ, ಬಳಿಕ ಕಾಮನ್‌ವೆಲ್ತ್ ಟ್ರಸ್ಟ್‌ಗೆ ಹೋದವು. ಹಾಗಾಗಿ ಆ ಮುದ್ರೆಯಿಂದ ಹೆಂಚು ಸುಮಾರಾಗಿ ಆ ಯುದ್ಧದ ವೇಳೆಗೆ ಮುಂಚಿನದು ಎಂದು ಹೇಳಬಹುದೇ ಹೊರತು ಅದರ ಕೆಳಗಿನ ಗೋಡೆಯ ವಯಸ್ಸನ್ನು ಹೇಳಲಾಗದು. ಒಂದು ಮಾಡಿನಿಂದ ಇಳಿಸಿದ ಹೆಂಚನ್ನು ಇನ್ನೊಂದು ಮಾಡಿಗೆ ಏರಿಸುವುದು ನಮ್ಮ ಕಡೆ ಎಂದಿನಿಂದಲೂ ಇದ್ದದ್ದೇ.

ಉಗ್ರಾಣದ ನಡುವೆ ಹಾದುಹೋಗಿರುವ ಕಬ್ಬಿಣದ ತೊಲೆಯ ಮೇಲೆ ಬಣ್ಣ ಕೆರೆದಾಗ ಡಾರ್ಮನ್ ಲಾಂಗ್ ಎಂಬ ಹೆಸರು ಕಾಣಿಸಿತು. ಅದು ಇಂಗ್ಲೆಂಡಿನ ಮಿಡಲ್ಸ್‌ಬರೋದ ಕಾರ್ಖಾನೆ. ಜಮ್‌ಶೆಡ್‌ಪುರದ ಟಾಟಾ ಕಾರ್ಖಾನೆಯಲ್ಲಿ 1912ರಲ್ಲಿ ಉಕ್ಕಿನ ತಯಾರಿಕೆ ಆರಂಭವಾದ ಮೇಲೂ ಇಂಗ್ಲೆಂಡಿನ ತೊಲೆಗಳು ಇಲ್ಲಿಗೆ ಬರುತ್ತಿದ್ದವಾದ್ದರಿಂದ ಅದೂ ಖಚಿತ ವರ್ಷವನ್ನು ಕೊಡಲಿಲ್ಲ.

ನಿಜವಾದ ಉತ್ತರ ಸಿಕ್ಕಿದ್ದು ಚಿಕ್ಕಮ್ಮನ ಮನೆಯ ಟ್ರಂಕಿನಲ್ಲಿ. ಅಲ್ಲಿದ್ದ ಎರಡು ಕ್ರಯಪತ್ರಗಳಲ್ಲಿ ಒಂದು 1909ರದು, ಇನ್ನೊಂದು ತಾತ ಕೊಂಡಾಗಿನ 1931ರದು. ಇಂಥ ಪತ್ರಗಳಲ್ಲಿ ಹಣದ ಮೊತ್ತಕ್ಕಿಂತ ಚಕ್ಕುಬಂದಿಯನ್ನು, ಅಂದರೆ ನಾಲ್ಕು ದಿಕ್ಕಿನ ಗಡಿಗಳ ವಿವರವನ್ನು, ಗಮನವಿಟ್ಟು ಓದಬೇಕು. 1909ರ ಪತ್ರದಲ್ಲಿ ಸ್ವತ್ತನ್ನು ಖಾಲಿ ನಿವೇಶನವೆಂದೂ, ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಸೇದುವ ಬಾವಿಯಿರುವ ಹಿತ್ತಲೆಂದೂ ಬರೆದಿತ್ತು. 1931ರ ಪತ್ರದಲ್ಲಿ ಅದೇ ಗಡಿಗಳ ನಡುವೆ "ನಾಲ್ಕು ಅಂಕಣದ ಮಾಳಿಗೆ ಮಂಡಿ, ಹಿಂದೆ ಹೆಂಚಿನ ಉಗ್ರಾಣ, ಮೇಲೆ ಒಂದು ಉಪ್ಪರಿಗೆ" ಎಂದಿತ್ತು. ಅಂದರೆ ಕಟ್ಟಡ ಎದ್ದದ್ದು ಈ ಎರಡು ವರ್ಷಗಳ ನಡುವೆ. ಉತ್ತರ, ದಕ್ಷಿಣದ ಗಡಿಗಳೆರಡಕ್ಕೂ "ಪಾಲಿನ ಗೋಡೆ" ಎಂಬ ಮಾತಿತ್ತು. ಆ ಎರಡು ಪದಗಳಿಗೆ ಎಷ್ಟು ತೂಕವಿದೆಯೆಂದು ಓದಿದ ದಿನ ನನಗೆ ಹೊಳೆಯಲಿಲ್ಲ.

ಪತ್ರಗಳನ್ನು ಮುಂದಿಟ್ಟಾಗ ಅಣ್ಣ ಬಹಳ ಹೊತ್ತು ಓದಿ, "ಹಾಗಾದರೆ ಇದಕ್ಕೆ ನೂರು ವರ್ಷ ಆಗಿದೆ ಎಂದೂ ಖಾತ್ರಿಯಿಲ್ಲ. ನೀನೇ ಹುಡುಕಿ ನೀನೇ ಇದರ ಬೆಲೆ ಇಳಿಸಿದೆಯಲ್ಲ" ಎಂದ. ಆ ಮಾತು ನನ್ನನ್ನು ನೋಯಿಸಿತು, ಯಾಕೆಂದರೆ ನನಗೂ ಹಾಗೆಯೇ ಅನ್ನಿಸಿತ್ತು. 1865 ಎಂಬ ಅಂಕಿ ಇದ್ದಷ್ಟು ದಿನ ನಾವು ಯಾರೂ ಬೇರೆ ಕಾರಣ ಹುಡುಕುವ ಅಗತ್ಯವಿರಲಿಲ್ಲ.

ಕಾನೂನಿನಲ್ಲಿ ಏನಿದೆಯೆಂದು ಪರಿಚಯದ ವಕೀಲರೊಬ್ಬರ ಜೊತೆ ಕುಳಿತು ಓದಿದೆ. ಪುರಾತನ ಸ್ಮಾರಕಗಳಿಗೆ ಸಂಬಂಧಿಸಿದ 1958ರ ಕೇಂದ್ರ ಕಾಯ್ದೆಯು ಕನಿಷ್ಠ ನೂರು ವರ್ಷದ ಅಸ್ತಿತ್ವವನ್ನು ಕೇಳುತ್ತದೆ. ನೂರು ತುಂಬಿದ ಮಾತ್ರಕ್ಕೆ ಯಾವ ಕಟ್ಟಡವೂ ತಾನಾಗಿಯೇ ಸಂರಕ್ಷಿತವಾಗುವುದಿಲ್ಲ, ಸರ್ಕಾರ ಅಧಿಸೂಚನೆ ಹೊರಡಿಸಬೇಕು. ಕರ್ನಾಟಕದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಗೆ ಆನಂತರ ಸೇರಿದ ಪಾರಂಪರಿಕ ಕಟ್ಟಡದ ವ್ಯಾಖ್ಯೆಯಲ್ಲಿ ವಯಸ್ಸಿನ ಮಾತಿಲ್ಲ. ವಾಸ್ತುಶಿಲ್ಪ, ಸೌಂದರ್ಯ, ಇತಿಹಾಸ ಅಥವಾ ಸಂಸ್ಕೃತಿಯ ಮೌಲ್ಯವಿದ್ದು, ಯೋಜನಾ ಪ್ರಾಧಿಕಾರ ಅಥವಾ ಅಧಿಕಾರವುಳ್ಳ ಬೇರೆ ಸಂಸ್ಥೆ ಹಾಗೆಂದು ಘೋಷಿಸಿರಬೇಕು. ಒಂದೊಂದೇ ಕಟ್ಟಡವನ್ನಲ್ಲದೆ ಇಡೀ ಪ್ರದೇಶವನ್ನೂ ಪಾರಂಪರಿಕವೆಂದು ಘೋಷಿಸಲು ಅದರಲ್ಲಿ ಅವಕಾಶವಿದೆ. ಓದಿ ಮುಗಿಸಿದಾಗ ನನಗೆ ಸ್ಪಷ್ಟವಾದದ್ದು ಇಷ್ಟು: ವಯಸ್ಸನ್ನು ಬದಿಗಿಟ್ಟು, ಈ ಮಳಿಗೆ ಏನು ಮಾಡುತ್ತಿತ್ತು, ಅದನ್ನು ಹೇಗೆ ಮಾಡುತ್ತಿತ್ತು ಎಂಬುದನ್ನು ನಾನೇ ಅಳೆದು ತೋರಿಸಬೇಕು.

ಅಳತೆಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಜೊತೆಯಾದಳು. ಅವಳು ವಾಸ್ತುಶಿಲ್ಪದ ಕೊನೆಯ ವರ್ಷದಲ್ಲಿದ್ದಳು. ರಸ್ತೆಗೆ ಮುಖ ಮಾಡಿದ ಅಗಲ 22 ಅಡಿ, ಒಳಕ್ಕೆ ಉದ್ದ 71 ಅಡಿ, ಗೋಡೆಗಳ ದಪ್ಪ 18 ಅಂಗುಲ. ಮುಂದಿನ ಅಂಗಣದ ಎರಡು ಕರ್ಣಗಳನ್ನು ಅಳೆದಾಗ 7 ಅಂಗುಲದ ವ್ಯತ್ಯಾಸ ಬಂತು. ಆಯತವಾಗಿದ್ದರೆ ಕರ್ಣಗಳು ಸಮವಿರಬೇಕಿತ್ತು. ಮೊದಲು ಟೇಪಿನ ತಪ್ಪೆಂದು ತಿಳಿದು ಮೂರು ಸಲ ಅಳೆದೆವು, ನಂತರ ಅಕ್ಕಪಕ್ಕದ ಐದು ಮಳಿಗೆಗಳ ಮುಖಗಳನ್ನೂ ರಸ್ತೆಯಿಂದ ಅಳೆದು ಕಾಗದದ ಮೇಲೆ ಜೋಡಿಸಿದೆವು. ಆಗ ಕಂಡಿತು, ಇಡೀ ಸಾಲು ಒಂದು ಸಣ್ಣ ಬಾಗಿನಲ್ಲಿ ನಿಂತಿದೆ. ಪ್ರತಿಯೊಂದು ಮಳಿಗೆಯೂ ಆ ಬಾಗಿಗೆ ತಕ್ಕಂತೆ ತನ್ನ ಮೂಲೆಯನ್ನು ಸ್ವಲ್ಪ ಒಗ್ಗಿಸಿಕೊಂಡಿದೆ. ಕಟ್ಟಿದವರಿಗೆ ತಮ್ಮ ಮಳಿಗೆ ಚೌಕವಾಗಿರುವುದಕ್ಕಿಂತ ಸಾಲು ಮುರಿಯದಿರುವುದು ಮುಖ್ಯವಾಗಿತ್ತು.

ಉತ್ತರದ ಗೋಡೆಯ ಸುಣ್ಣವನ್ನು ತೊಲೆಯ ಎತ್ತರದಲ್ಲಿ ಕೆರೆದಾಗ ಪಕ್ಕದ ಮಳಿಗೆಯ ಜಂತೆಗಳ ತುದಿಗಳು ನಮ್ಮ ಗೋಡೆಯೊಳಗೆ ಕುಳಿತಿರುವುದು ಕಾಣಿಸಿತು. ದಕ್ಷಿಣದಲ್ಲಿ ನಮ್ಮ ಜಂತೆಗಳು ಅವರ ಗೋಡೆಯೊಳಗಿದ್ದವು. ಪಾಲಿನ ಗೋಡೆ ಎಂಬ ಪತ್ರದ ಮಾತಿನ ಅರ್ಥ ಅದು. ನಾವು ನಮ್ಮದನ್ನು ಕೆಡವಿದರೆ ಎರಡೂ ಬದಿಯವರ ಛಾವಣಿಗೆ ಊರೆ ಕೊಡಬೇಕಾಗುತ್ತಿತ್ತು, ಹೊಸ ಕಟ್ಟಡಕ್ಕೆ ಬದಿಗಳಲ್ಲಿ ಜಾಗ ಬಿಟ್ಟರೆ 22 ಅಡಿಯಲ್ಲಿ ಉಳಿಯುವುದೂ ಕಡಿಮೆಯೇ. ಅಣ್ಣ ತನ್ನ ನಕ್ಷೆಯನ್ನು ಮೊದಲ ಬಾರಿಗೆ ಮಡಿಸಿಟ್ಟದ್ದು ಈ ಚಿತ್ರವನ್ನು ನೋಡಿದ ಮೇಲೆ.

ಒಳಗಿನ ವಿಷಯಗಳನ್ನು ನನಗೆ ಓದಲು ಕಲಿಸಿದವರು ನಮ್ಮ ಬಾಡಿಗೆದಾರರು. ಅವರ ತಂದೆಯೂ ಅದೇ ಮಳಿಗೆಯಲ್ಲಿ ಹುಣಸೆಹಣ್ಣು, ಬೆಲ್ಲಗಳ ವ್ಯಾಪಾರ ಮಾಡಿದವರು. "ಅಮ್ಮಾ, ಆ ಕೊಂಡಿ ನೋಡಿ" ಎಂದು ಅವರು ನಡುತೊಲೆಗೆ ಇಳಿಬಿಟ್ಟ ಕಬ್ಬಿಣದ ಕೊಂಡಿಯನ್ನು ತೋರಿಸಿದರು. ದೊಡ್ಡ ತಕ್ಕಡಿಯನ್ನು ತೂಗುಹಾಕುತ್ತಿದ್ದ ಆ ಕೊಂಡಿಯ ಒಳಬಾಗು ಹೆಬ್ಬೆರಳು ಕೂರುವಷ್ಟು ಸವೆದಿದೆ. ಅದರ ನೇರ ಕೆಳಗೆ ನೆಲದ ಚಪ್ಪಡಿ ತಗ್ಗಾಗಿದೆ, ಮೂಟೆಗಳನ್ನು ಇಳಿಸಿ ಎತ್ತಿದ ಗುರುತು ಅದು. ಪಕ್ಕದ ಗೋಡೆಯಲ್ಲಿ ಮಣ, ಸೇರುಗಳ ಲೆಕ್ಕದ ಗೀಟುಗಳಿವೆ. ದೇಶದಲ್ಲಿ ಮೆಟ್ರಿಕ್ ಅಳತೆಯನ್ನು 1956ರ ಕಾಯ್ದೆಯ ಮೂಲಕ ತಂದು, ಕೆಲವು ವರ್ಷಗಳಲ್ಲಿ ಹಳೆಯ ತೂಕಗಳನ್ನು ಹಿಂತೆಗೆದುಕೊಂಡದ್ದರಿಂದ ಆ ಗೀಟುಗಳು ಅದಕ್ಕೂ ಮೊದಲಿನವಿರಬೇಕು. ನಡುವಿನ ಪುಟ್ಟ ತೊಟ್ಟಿಯ ಕಡೆಗೆ ಎರಡೂ ಬದಿಯ ನೆಲ ಇಳಿಜಾರಾಗಿದೆ. ನೀರು ತುಂಬಿದ ಪೈಪಿನಿಂದ ಮಟ್ಟ ನೋಡಿದಾಗ 2 ಅಂಗುಲ ಇಳಿತ ಸಿಕ್ಕಿತು. ಉಗ್ರಾಣದ ಗೋಡೆಯಲ್ಲಿ ಕೈಗೆಟುಕದ ಎತ್ತರದಲ್ಲಿ ಎದುರುಬದುರಾಗಿ ಜಾಲಂಧ್ರಗಳಿವೆ. ತೇವ ತಗಲಬಾರದ ಸರಕಿಗೆ ಗಾಳಿ ಆಡುತ್ತಿರಬೇಕು, ಬಿಸಿಲು ಬೀಳಬಾರದು. ಉಪ್ಪರಿಗೆಯ ಕೋಣೆ ದೂರದಿಂದ ಗಾಡಿ ಹೊಡೆದುಕೊಂಡು ಬಂದ ರೈತರು ರಾತ್ರಿ ತಂಗಲು ಇದ್ದದ್ದು. ಹಣ ಎಣಿಸಿಕೊಂಡು ಮರುದಿನ ಹೊರಡುತ್ತಿದ್ದರು ಎಂದು ಚಿಕ್ಕಮ್ಮ ಹೇಳಿದರು.

ಈ ಊರಿನ ವ್ಯಾಪಾರ ಬೆಳೆದದ್ದರಲ್ಲಿ ರೈಲಿನ ಪಾಲೂ ದೊಡ್ಡದು. 1876–78ರ ಮಹಾಕ್ಷಾಮದ ನಂತರದ ವರ್ಷಗಳಲ್ಲಿ ಮೈಸೂರು ಸಂಸ್ಥಾನ ಹಾಕಿಸಿದ ರೈಲು ದಾರಿ 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಬಂತು. ಸಗಟು ವ್ಯಾಪಾರದ ಬಹುಪಾಲು ನಂತರ ಬಟವಾಡಿಯ ಎಪಿಎಂಸಿ ಪ್ರಾಂಗಣಕ್ಕೆ ಹೋದರೂ ಮಂಡಿಪೇಟೆಗೆ ಆ ಹೆಸರು ಬಂದ ಕಾರಣ ಇಂಥ ಕಟ್ಟಡಗಳಲ್ಲಿಯೇ ಇದೆ.

ಇದನ್ನೆಲ್ಲ ಸೇರಿಸಿ ನಾನು ಬರೆದ ಟಿಪ್ಪಣಿ ಮೊದಲು ನಲವತ್ತು ಪುಟವಿತ್ತು. ವಿದ್ಯಾರ್ಥಿನಿ ಅದನ್ನು ಓದಿ, "ಮೇಡಂ, ಇದರಲ್ಲಿ ನಮ್ಮ ಪ್ರೀತಿ ಎಷ್ಟು, ಕಟ್ಟಡದಲ್ಲಿ ಇರುವುದು ಎಷ್ಟು, ಬೇರೆ ಮಾಡಿ" ಎಂದಳು. ಅವಳು ಹೇಳಿದ್ದು ಸರಿ. ಮುಂಭಾಗದ ಗಾರೆಯ ಹೂಬಳ್ಳಿಯನ್ನು ನಾನು "ಅಪರೂಪದ ಶಿಲ್ಪ" ಎಂದು ಬರೆದಿದ್ದೆ, ಅದೇ ಅಚ್ಚಿನ ಹೂಬಳ್ಳಿ ಅದೇ ಬೀದಿಯ ಇನ್ನೂ ಮೂರು ಕಟ್ಟಡಗಳಲ್ಲಿದೆ. ಆ ವಾಕ್ಯವನ್ನು ಹೊಡೆದುಹಾಕಿ, ನಾಲ್ಕೂ ಕಡೆ ಒಂದೇ ಅಚ್ಚು ಇರುವುದರಿಂದ ಒಬ್ಬನೇ ಮೇಸ್ತ್ರಿಯ ಕೈ ಇರಬಹುದೆಂದು ಬರೆದೆ. ಕೊನೆಗೆ ಉಳಿದ ಹದಿನೆಂಟು ಪುಟಗಳಲ್ಲಿ, ಈ ಮಳಿಗೆ ಒಂಟಿಯಾಗಿ ಅಪರೂಪದ್ದಲ್ಲ, ಸಾಲಿನ ಭಾಗವಾಗಿ ಮತ್ತು ದುಡಿದ ಗುರುತುಗಳು ಅಳಿಯದೆ ಉಳಿದಿರುವ ಮಂಡಿಯಾಗಿ ಮುಖ್ಯವಾದದ್ದು ಎಂಬುದನ್ನು ಅಳತೆ, ಚಿತ್ರಗಳ ಸಮೇತ ಇಟ್ಟಿದ್ದೇನೆ.

ಇನ್ನು ಕಟ್ಟಡದ ಆರೋಗ್ಯ. ಮೊದಲು ಬಂದ ಎಂಜಿನಿಯರರೊಬ್ಬರು ಒಳಗೆ ಹತ್ತು ನಿಮಿಷ ನಿಂತು ಕೆಡವುವುದೇ ಲೇಸೆಂದರು. ಎರಡನೆಯವರು ಎರಡು ದಿನ ಕಳೆದರು. ಪ್ರತಿಯೊಂದು ಜಂತೆಯನ್ನೂ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿದರು, ಗೋಡೆಗೆ ಸೇರುವ ತುದಿಗಳಲ್ಲಿ ಉಳಿ ಚುಚ್ಚಿ ನೋಡಿದರು. ಮುಂಗೋಣೆಯ 26 ತೇಗದ ಜಂತೆಗಳಲ್ಲಿ 5ರ ತುದಿಗಳು ಮಾತ್ರ ಗೆದ್ದಲಿಗೂ ತೇವಕ್ಕೂ ಸಿಕ್ಕಿ ಪುಡಿಯಾಗಿದ್ದವು, ಉಳಿದವು ಗಟ್ಟಿ. ತೇವದ ಮೂಲ ಮೇಲೆ ಎರಡು ದಶಕದಿಂದ ಕಟ್ಟಿಕೊಂಡಿದ್ದ ಒಂದು ನೀರಿನ ತೂಬು. ಉಗ್ರಾಣದ ಗೋಡೆಯ ಕಥೆ ಬೇರೆಯದು. ಹುಣಸೆಹಣ್ಣನ್ನು ಉಪ್ಪು ಬೆರೆಸಿ ಒತ್ತಿ ಇಡುತ್ತಿದ್ದುದರಿಂದ ದಶಕಗಳ ಉಪ್ಪು ಇಟ್ಟಿಗೆಯೊಳಗೆ ಇಳಿದಿತ್ತು. ಗಾರೆ ಉದುರುತ್ತಿದೆಯೆಂದು ಎಂಬತ್ತರ ದಶಕದಲ್ಲಿ ನಮ್ಮವರೇ ಅದರ ಮೇಲೆ ಸಿಮೆಂಟ್ ಬಳಿಸಿದ್ದರು. ಸುಣ್ಣದ ಗಾರೆ ತೇವವನ್ನು ಹೊರಕ್ಕೆ ಬಿಡುತ್ತದೆ, ಸಿಮೆಂಟ್ ತಡೆಯುತ್ತದೆ. ಹೊರದಾರಿ ಮುಚ್ಚಿದ ಉಪ್ಪುನೀರು ಸಿಮೆಂಟಿನ ಹಿಂದೆಯೇ ಹರಳುಗಟ್ಟಿ ಇಟ್ಟಿಗೆಯ ಮುಖವನ್ನು ಪುಡಿ ಮಾಡಿತ್ತು. ಸಿಮೆಂಟಿನ ಪದರವನ್ನು ತೆಗೆದಾಗ ಅದರ ಜೊತೆ ಅರ್ಧ ಅಂಗುಲ ಇಟ್ಟಿಗೆಯೂ ಬಂತು. ಒಳ್ಳೆಯದಾಗಲೆಂದು ಮಾಡಿಸಿದ ಕೆಲಸದಿಂದಲೇ ಆದ ಹಾನಿ ಅದು.

ಗಾರೆ ಕೆಲಸ ಬಲ್ಲ ಮೇಸ್ತ್ರಿ ಸಿಗಲು ಎರಡು ತಿಂಗಳು ಬೇಕಾಯಿತು. ಕೊನೆಗೆ ದೇವಸ್ಥಾನಗಳ ಗೋಪುರ ದುರಸ್ತಿ ಮಾಡುವ ಹಿರಿಯರೊಬ್ಬರು ಒಪ್ಪಿ ಬಂದರು. ಬೆಂದ ಸುಣ್ಣದ ಕಲ್ಲನ್ನು ತೊಟ್ಟಿಯಲ್ಲಿ ಅರಳಿಸಿ ಇಪ್ಪತ್ತು ದಿನ ನೀರಿನಡಿಯಲ್ಲಿ ಬಿಟ್ಟರು. ಅವಸರ ಮಾಡಿದರೆ ಅರಳದ ಕಣಗಳು ಗೋಡೆಯಲ್ಲಿ ಕುಳಿತ ಮೇಲೆ ಅರಳಿ ಗುಳ್ಳೆ ಏಳುತ್ತವೆ ಎಂದರು. ಆಮೇಲೆ ಮರಳು, ಇಟ್ಟಿಗೆಯ ಪುಡಿಯಾದ ಸುರ್ಕಿ ಸೇರಿಸಿ ಅರೆಸಿದರು. ಅಳಲೆಕಾಯಿಯನ್ನು ಜಜ್ಜಿ ಬೆಲ್ಲದ ಜೊತೆ ನೆನೆಸಿಟ್ಟ ನೀರನ್ನೇ ಕಲಸಲು ಬಳಸಿದರು. ಆ ಬೆಲ್ಲವನ್ನು ಬಾಡಿಗೆದಾರರು ಹಣ ತೆಗೆದುಕೊಳ್ಳದೆ ಕೊಟ್ಟರು. ತಾರಸಿಯನ್ನು ಬಿಚ್ಚಿದ ಭಾಗದಲ್ಲಿ ಜಂತೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಕೂಡಿಸಿದ್ದು ಕಾಣಿಸಿತು. ಮದ್ರಾಸ್ ತಾರಸಿ ಎನ್ನುವುದು ಇದನ್ನೇ. ಕೆಟ್ಟ ಜಂತೆಗಳ ತುದಿಗೆ ಹಳೆಯ ತೇಗದ ತುಂಡನ್ನೇ ಬೆಸೆದು, ಇಟ್ಟಿಗೆಯನ್ನು ಅದೇ ಓರೆಯಲ್ಲಿ ಕೂಡಿಸಿ, ಮೇಲೆ ಇಟ್ಟಿಗೆಚೂರು ಮತ್ತು ಸುಣ್ಣದ ಕಾಂಕ್ರೀಟು ಹಾಕಿದರು. ಆರು ಮಂದಿ ಹೆಂಗಸರು ಸಾಲಾಗಿ ಕುಳಿತು ಮರದ ಬಡಿಗೆಗಳಿಂದ ನಾಲ್ಕು ದಿನ ಅದನ್ನು ಬಡಿದರು. ಬಡಿಗೆ ಪುಟಿದು ಹಿಂದಕ್ಕೆ ಬಂದರೆ ಸಾಕು, ಹದ ಬಂತೆಂದು ಅರ್ಥ.

ಉಗ್ರಾಣದ ಉಪ್ಪಿನ ಗೋಡೆಗೆ ಮೇಸ್ತ್ರಿ ಕೊಟ್ಟ ಉಪಾಯ ಸರಳವಾಗಿತ್ತು. ಸುಣ್ಣದ ತೆಳುಗಾರೆ ಬಳಿದು, ಉಪ್ಪನ್ನು ಹೀರಿ ಅದು ಉದುರಿದಾಗ ಕೆರೆದು ಮತ್ತೆ ಬಳಿಯುವುದು. ಗೋಡೆ ಉಳಿಯಲಿಕ್ಕೆ ಗಾರೆ ಸಾಯಬೇಕು ಎಂದರು ಅವರು. ಒಂದು ಸಲ ಉದುರಿ, ಈಗ ಎರಡನೆಯ ಬಳಿತ ಆಗಿದೆ.

ಖರ್ಚಿನಲ್ಲಿ ನಾಲ್ವರೂ ಸಮಪಾಲು ಕೊಟ್ಟೆವು. ಬಾಡಿಗೆಯನ್ನು ಬಾಡಿಗೆದಾರರೇ ಒಪ್ಪಿ ಏರಿಸಿಕೊಂಡರು. ಉಪ್ಪರಿಗೆಯ ಕೋಣೆಯನ್ನು ಲೆಕ್ಕಪರಿಶೋಧಕರೊಬ್ಬರಿಗೆ ಕೊಟ್ಟದ್ದರಿಂದ ಇನ್ನೊಂದು ಆದಾಯ ಸೇರಿತು. ಸಂಕೀರ್ಣ ಕಟ್ಟಿದ್ದರೆ ಬರುತ್ತಿದ್ದ ಹಣ ಇದಲ್ಲ, ಅಣ್ಣನಿಗೆ ಆ ಮಾತನ್ನು ನಾನು ಮುಚ್ಚಿಡಲಿಲ್ಲ. ಮುಂದಿನ ಹದಿನೈದು ವರ್ಷ ನಾಲ್ವರ ಒಪ್ಪಿಗೆಯಿಲ್ಲದೆ ಕೆಡವುವಂತಿಲ್ಲ ಎಂಬ ಕರಾರಿಗೆ ಅವನು ಸಹಿ ಹಾಕಿದ. ಐದು ವರ್ಷಕ್ಕೊಮ್ಮೆ ಎಂಜಿನಿಯರರಿಂದ ತಪಾಸಣೆ ಆಗಲೇಬೇಕೆಂಬ ಷರತ್ತನ್ನು ಸೇರಿಸಿದವನೂ ಅವನೇ. ಕಟ್ಟಡವನ್ನು ಪಾರಂಪರಿಕ ಪಟ್ಟಿಗೆ ಸೇರಿಸಬೇಕೆಂಬ ನಮ್ಮ ಅರ್ಜಿಯನ್ನು, ಸಾಧ್ಯವಾದರೆ ಸಾಲಿನ ಆರೂ ಮಳಿಗೆಗಳನ್ನು ಒಟ್ಟಾಗಿ ಪರಿಗಣಿಸಬೇಕೆಂಬ ಕೋರಿಕೆಯ ಜೊತೆಗೆ ಸಲ್ಲಿಸಿದ್ದೇವೆ. ಪಕ್ಕದ ಇಬ್ಬರು ಮಾಲೀಕರು ಸಹಿ ಮಾಡಿದ್ದಾರೆ, ಮೂವರ ಜೊತೆ ಮಾತು ನಡೆದಿದೆ.

1865ರ ಫಲಕವನ್ನು ಇಳಿಸುವ ದಿನ ಬಾಡಿಗೆದಾರರು ಬೇಸರಪಟ್ಟುಕೊಂಡರು. "ಬಿಲ್ ಪುಸ್ತಕದಲ್ಲೆಲ್ಲ ಅದೇ ಅಂಕಿ ಇದೆಯಲ್ಲಮ್ಮಾ" ಎಂದರು. ಪುಸ್ತಕ ಮುಗಿಯುವವರೆಗೆ ಇರಲಿ, ಹೊಸದನ್ನು ಅಚ್ಚು ಹಾಕಿಸುವಾಗ ಬಿಡಿ ಎಂದೆ. ಫಲಕವನ್ನು ಒರೆಸಿ ಅಟ್ಟದಲ್ಲಿ ಹೆಂಚಿನ ಪಕ್ಕಕ್ಕೆ ಇಟ್ಟಿದ್ದೇವೆ. ಅದನ್ನು ಯಾರು, ಯಾವ ನಂಬಿಕೆಯಿಂದ ಬರೆಯಿಸಿದರು ಎಂಬುದು ಟಿಪ್ಪಣಿಯ ಹದಿನಾಲ್ಕನೆಯ ಪುಟದಲ್ಲಿದೆ.